ಹಿಡಿಯ ಮೇಲಿನ ವಿಮಾನ

2021ರ ಅಕ್ಟೋಬರಿನಲ್ಲಿ ನಮ್ಮ ಓಹಾಯೋ ರಾಜ್ಯದವರು ಕಾರುಗಳಿಗೆ ಹೊಸ ನಂಬರ್ ಪ್ಲೇಟು ಹೊರತಂದರು. ಸೂರ್ಯೋದಯ, ಗೋಧಿಯ ಹೊಲ, ಊರಿನ ಕಟ್ಟಡಗಳು, ಉಯ್ಯಾಲೆಯಲ್ಲಿ ಒಂದು ಮಗು, ಮೇಲ್ಗಡೆ ರೈಟ್ ಸೋದರರ 1903ರ ವಿಮಾನ. ವಿಮಾನ ಒಂದು ಉದ್ದನೆಯ ಪಟ್ಟಿಯನ್ನು ಎಳೆದುಕೊಂಡು ಹೋಗುತ್ತಿದೆ, ಅದರ ಮೇಲೆ ಈ ರಾಜ್ಯವೇ ವಿಮಾನಯಾನದ ಹುಟ್ಟೂರು ಎಂಬ ಬರಹ. ಪ್ಲೇಟನ್ನು ತೋರಿಸಿದ ಕೆಲವೇ ಗಂಟೆಗಳಲ್ಲಿ ಜನ ನಗತೊಡಗಿದರು. ಪಟ್ಟಿಯನ್ನು ವಿಮಾನದ ಮೂತಿಗೆ ಕಟ್ಟಿದ್ದರು. ಅಂದರೆ ವಿಮಾನ ಹಿಮ್ಮುಖವಾಗಿ ಹಾರುತ್ತಿತ್ತು. ಅಷ್ಟರಲ್ಲಿ 35,000 ಪ್ಲೇಟುಗಳು ಅಚ್ಚಾಗಿದ್ದವಂತೆ. ಅವನ್ನೆಲ್ಲ ಪಕ್ಕಕ್ಕಿಟ್ಟು ಮತ್ತೆ ಮಾಡಿಸಿದರು.

ನಾನೂ ನಕ್ಕೆ. ಡೇಟನ್ ಊರಿನಲ್ಲಿ ಇಷ್ಟು ವರ್ಷ ಇದ್ದವನಿಗೆ ನಗುವ ಹಕ್ಕಿದೆ ಅಂದುಕೊಂಡೆ. ನಕ್ಕ ಮೇಲೆ ಏನೋ ಕೊರೆಯಿತು. ಮೇಜಿನ ಕೆಳಖಾನೆಯಲ್ಲಿ ಹಳೆಯ ಪಾಸ್‌ಪೋರ್ಟುಗಳ ಜೊತೆ ಬಿದ್ದಿದ್ದ ಒಂದು ಪೆಟ್ಟಿಗೆ ತೆಗೆದೆ. ಅದರೊಳಗೆ ನೀಲಿ ಮಖಮಲ್ಲಿನ ಮೇಲೆ ಮಲಗಿದ್ದ ಮಡಚುವ ಚಾಕುವನ್ನು ದೀಪದ ಕೆಳಗೆ ಹಿಡಿದು ನೋಡಿದೆ. ಹದಿನೆಂಟು ವರ್ಷದಿಂದ ನನ್ನ ಮನೆಯಲ್ಲಿದ್ದ ಆ ಚಾಕುವಿನ ಹಿಡಿಯ ಮೇಲೂ ವಿಮಾನ ಹಿಮ್ಮುಖವಾಗಿಯೇ ಹಾರುತ್ತಿತ್ತು.

ಈ ಬರಹ ಆ ಚಾಕುವಿನ ವಿಮರ್ಶೆ. ಚಾಕುವಿಗೆಂಥ ವಿಮರ್ಶೆ ಎಂದು ಕೇಳಬಹುದು. ಕಾದಂಬರಿಗೆ, ನಾಟಕಕ್ಕೆ, ಪ್ರತಿಮೆಗೆ ವಿಮರ್ಶೆ ಇರುವುದಾದರೆ, ಒಬ್ಬರನ್ನು ಗೌರವಿಸಲೆಂದೇ ಯಾರೋ ಕೂತು ಯೋಚಿಸಿ ರೂಪ ಕೊಟ್ಟ ವಸ್ತುವಿಗೂ ಇರಬೇಕು. ಪ್ರತಿಮೆಯನ್ನು ನಾವು ದೂರದಿಂದ ನೋಡುತ್ತೇವೆ. ಚಾಕುವನ್ನು ಕೈಯಲ್ಲಿ ಹಿಡಿಯುತ್ತೇವೆ. ಕೈಗೆ ಸುಳ್ಳು ಬೇಗ ಗೊತ್ತಾಗುತ್ತದೆ ಎಂದು ನನ್ನ ತಂದೆ ನಂಬಿದ್ದರು. ಅವರ ಮಾತು ಮುಂದೆ ಬರುತ್ತದೆ.

2003 ಮೊದಲ ಹಾರಾಟದ ನೂರನೆಯ ವರ್ಷ. ಡೇಟನ್ ತುಂಬ ಹಬ್ಬ. ಟೀ ಷರಟು, ಕಪ್ಪು, ಗಡಿಯಾರ, ತಟ್ಟೆ, ಕ್ರಿಸ್ಮಸ್ ಮರಕ್ಕೆ ನೇತುಹಾಕುವ ಪುಟಾಣಿ ವಿಮಾನ, ಏನು ಬೇಕಾದರೂ ಸಿಗುತ್ತಿತ್ತು. ನಾನು ಕೆಲಸ ಮಾಡುತ್ತಿದ್ದ ಕಂಪನಿ ಆ ವರ್ಷ ತನ್ನ ನೌಕರರಿಗೆ ಈ ಚಾಕು ಕೊಟ್ಟಿತು. ನಮ್ಮ ಕಡೆ ಚಾಕುವನ್ನು ಒಬ್ಬರ ಕೈಯಿಂದ ಒಬ್ಬರು ಇಸಕೊಳ್ಳುವುದಿಲ್ಲ, ಕೆಳಗಿಟ್ಟು ತೆಗೆದುಕೋ ಅನ್ನುತ್ತೇವೆ, ಜಗಳ ಬರುತ್ತದೆಂದು. ಇಲ್ಲಿಯವರಲ್ಲೂ ಅಂಥದೇ ಒಂದಿದೆ: ಚಾಕು ಉಡುಗೊರೆಯಾಗಿ ಬಂದರೆ ಕೊಟ್ಟವರಿಗೆ ಒಂದು ಪೆನ್ನಿ ವಾಪಸ್ಸು ಕೊಡಬೇಕು, ಕೊಂಡ ಹಾಗಾಗುತ್ತದೆ, ಸ್ನೇಹ ಕಡಿಯುವುದಿಲ್ಲ. ನನ್ನ ಮೇಲಧಿಕಾರಿ ಪೆಟ್ಟಿಗೆ ಕೊಟ್ಟು ನಗುತ್ತಾ ಕೈಚಾಚಿದಾಗ ಅರ್ಥವಾಗದೆ ಕೈಕುಲುಕಿದೆ. ಆಮೇಲೆ ಯಾರೋ ವಿವರಿಸಿದ ಮೇಲೆ ಪೆನ್ನಿ ಕೊಟ್ಟೆ. ಆದ್ದರಿಂದ ಇದು ನಾನು ದುಡ್ಡು ಕೊಟ್ಟು ಕೊಂಡ ವಸ್ತು, ಬೈಯುವ ಅಧಿಕಾರ ಇದೆ.

ವಸ್ತು ಹೀಗಿದೆ. ಅಲಗು ಸುಮಾರು ಮೂರು ಅಂಗುಲ, ಕನ್ನಡಿಯ ಹಾಗೆ ಹೊಳಪು. ಅಲಗಿನ ಮೇಲೆ ಆಸಿಡ್ಡಿನಲ್ಲಿ ಕೊರೆದ ಬರಹ: ಇಬ್ಬರು ಸೋದರರ ಹೆಸರು, 1903ರ ಡಿಸೆಂಬರ್ 17, ಕೆಳಗೆ 12 ಸೆಕೆಂಡು, 120 ಅಡಿ. ಹಿಡಿಯ ಒಂದು ಮಗ್ಗುಲಲ್ಲಿ ಸೀಸದ ಬಣ್ಣದ ಲೋಹದಲ್ಲಿ ಎರಕ ಹೊಯ್ದ ವಿಮಾನ, ಉಬ್ಬು ಕೆಲಸ. ಎರಡು ರೆಕ್ಕೆ, ನಡುವಿನ ಕಂಬಗಳು, ಕೆಳರೆಕ್ಕೆಯ ಮೇಲೆ ಬೋರಲಾಗಿ ಮಲಗಿದ ಆರ್ವಿಲ್. ಉಬ್ಬು ಕೆಲಸ ಮಾಡಿದವರ ಕೈ ಒಳ್ಳೆಯದೇ, ಕಂಬಗಳ ನಡುವಿನ ತಂತಿಗಳನ್ನೂ ಕೂದಲೆಳೆಯಷ್ಟು ಸಣ್ಣಗೆ ತೋರಿಸಿದ್ದಾರೆ. ಇನ್ನೊಂದು ಮಗ್ಗುಲು ಬರೀ ಕಪ್ಪು ಪ್ಲಾಸ್ಟಿಕ್. ಪೆಟ್ಟಿಗೆಯಲ್ಲಿ ಮಡಚಿಟ್ಟ ಕಾಗದ ಇದನ್ನು ಗೌರವಾರ್ಪಣೆ ಅನ್ನುತ್ತದೆ.

ತಪ್ಪಿರುವುದು ಗಾಳಿಯಲ್ಲಿ. ವಿಮಾನ ವೇಗವಾಗಿ ಹೋಗುತ್ತಿದೆ ಎಂದು ತೋರಿಸಲು ವಿನ್ಯಾಸ ಮಾಡಿದವರು ಮೂರು ನಾಲ್ಕು ಗಾಳಿಗೆರೆ ಎಳೆದಿದ್ದಾರೆ, ಕಾಮಿಕ್ಸ್ ಪುಸ್ತಕದಲ್ಲಿ ಓಡುವ ಕಾರಿನ ಹಿಂದೆ ಎಳೆಯುವ ಹಾಗೆ. ಆ ಗೆರೆಗಳು ಹೊರಟಿರುವುದು ಆರ್ವಿಲ್‌ನ ತಲೆಯ ಕಡೆಯಿಂದ. ಅಂದಮೇಲೆ ಪಾಪ ಆತ ಕಾಲು ಮುಂದುಮಾಡಿಕೊಂಡು ಹಾರುತ್ತಿದ್ದಾನೆ.

ಈ ತಪ್ಪು ಯಾಕಾಗುತ್ತದೆ ಎಂಬುದು ಕುತೂಹಲದ ವಿಷಯ. ನಾವೆಲ್ಲ ನೋಡಿ ಬೆಳೆದ ವಿಮಾನಕ್ಕೆ ಸಣ್ಣ ರೆಕ್ಕೆ ಬಾಲದಲ್ಲಿರುತ್ತದೆ. ರೈಟ್ ಸೋದರರು ಅದನ್ನು ಮುಂದಿಟ್ಟಿದ್ದರು. ಮೂತಿಯನ್ನು ಮೇಲೆ ಕೆಳಗೆ ಮಾಡುವ ಅಡ್ಡ ಪಟ್ಟಿ ಹಾರುವವನ ಕಣ್ಣೆದುರಿಗೇ ಇತ್ತು. ಪ್ರೊಪೆಲ್ಲರುಗಳು ರೆಕ್ಕೆಯ ಹಿಂದೆ, ಎಳೆಯುವುದಿಲ್ಲ, ತಳ್ಳುತ್ತವೆ. ಲಂಬವಾದ ಚುಕ್ಕಾಣಿ ಅವುಗಳ ಹಿಂದೆ. ಆ ದಿನ ಕಿಟಿ ಹಾಕ್‌ನಲ್ಲಿ ಜಾನ್ ಡೇನಿಯಲ್ಸ್ ಎಂಬ ಜೀವರಕ್ಷಕ ಠಾಣೆಯ ಮನುಷ್ಯ ತೆಗೆದ ಹೆಸರುವಾಸಿ ಫೋಟೋ ಕೂಡ ಕಣ್ಣಿಗೆ ಮೋಸ ಮಾಡುತ್ತದೆ, ಅದು ಹಿಂದಿನಿಂದ ತೆಗೆದದ್ದು, ವಿಮಾನ ನಮ್ಮಿಂದ ದೂರಕ್ಕೆ ಹೋಗುತ್ತಿದೆ. ಗೊತ್ತಿಲ್ಲದವನು ಅದನ್ನು ನೋಡಿ ಯಾವುದು ಮುಂದು ಯಾವುದು ಹಿಂದು ಎಂದು ಗಲಿಬಿಲಿಯಾದರೆ ತಪ್ಪೇನಿಲ್ಲ.

ಆದರೆ ಗೌರವಿಸಲು ಹೊರಟವನು ಗೊತ್ತಿಲ್ಲದವನಾಗಿ ಉಳಿಯಬಾರದು. ತಂತಿಗಳನ್ನು ಲೆಕ್ಕಹಾಕಿ ಕೊರೆದ ಕೈ ಇದೇ ಊರಿನ ಮ್ಯೂಸಿಯಂಗೆ ಒಂದು ಮಧ್ಯಾಹ್ನ ಹೋಗಿ ಬಂದಿದ್ದರೆ ಸಾಕಿತ್ತು. ರೈಟ್ ಸೋದರರು ಎಲಿವೇಟರನ್ನು ಮುಂದಿಟ್ಟದ್ದಕ್ಕೆ ಕಾರಣ ಇತ್ತು. 1896ರಲ್ಲಿ ಜರ್ಮನಿಯ ಓಟ್ಟೊ ಲಿಲಿಯೆಂಥಾಲ್ ತನ್ನ ಗ್ಲೈಡರಿನಿಂದ ಬಿದ್ದು ಸತ್ತದ್ದು ಅವರ ಮನಸ್ಸಿನಲ್ಲಿತ್ತು. ಮೂತಿ ನೆಲಕ್ಕೆ ಕುಸಿಯುವುದನ್ನು ತಡೆಯಲು ಮುಂದಿನ ಪಟ್ಟಿ ನೆರವಾಗುತ್ತದೆ ಎಂಬುದು ಅವರ ಎಣಿಕೆ. ಅಂದರೆ ಆ ಯಂತ್ರದ ಮುಂದುಹಿಂದು ಬರಿಯ ಆಕಾರದ ಮಾತಲ್ಲ, ಇಬ್ಬರ ಜೀವಭಯವೂ ಬುದ್ಧಿಯೂ ಕೂಡಿ ಆದ ತೀರ್ಮಾನ. ಅದನ್ನೇ ತಿರುಗಿಸಿಬಿಟ್ಟರೆ ಹಿಡಿಯ ಮೇಲೆ ಉಳಿಯುವುದು ಹಳೆಯ ಕಾಲದ ಒಂದು ಚಂದದ ಯಂತ್ರ, ಅಷ್ಟೇ.

ಅಲಗಿನ ಮೇಲಿನ ಬರಹದ ಬಗ್ಗೆಯೂ ನನಗೆ ತಕರಾರಿದೆ. ಅದೇ ದಿನ ನಾಲ್ಕು ಹಾರಾಟ ನಡೆದವು. ಮೊದಲನೆಯದು 12 ಸೆಕೆಂಡು, 120 ಅಡಿ. ನಾಲ್ಕನೆಯದರಲ್ಲಿ ವಿಲ್ಬರ್ 59 ಸೆಕೆಂಡು ಗಾಳಿಯಲ್ಲಿದ್ದು 852 ಅಡಿ ಹೋದ. ಇನ್ನೂ ಎರಡು ವರ್ಷ ಅವರು ಡೇಟನ್ನಿನ ಹೊರವಲಯದ ಹಫ್‌ಮನ್ ಪ್ರೇರಿಯ ಹುಲ್ಲುಗಾವಲಿನಲ್ಲಿ ಬಿದ್ದು ಎದ್ದು, 1905ರ ಅಕ್ಟೋಬರ್ 5ರಂದು ಸುಮಾರು 39 ನಿಮಿಷದಲ್ಲಿ 24 ಮೈಲಿ ಹಾರಿದರು. ವಿಮಾನ ಕೈಗೆ ಬಂದದ್ದು ಆವತ್ತು ಎಂದು ನನ್ನ ಅಭಿಪ್ರಾಯ. ಆದರೆ ಸ್ಮರಣಿಕೆ ಮಾಡುವವರಿಗೆ ಮೊದಲನೆಯದೇ ಬೇಕು. ಕಲಿತದ್ದಕ್ಕಿಂತ ಮೊದಲಿಗರಾದದ್ದು ಚಿಕ್ಕ ಅಲಗಿನ ಮೇಲೆ ಸುಲಭವಾಗಿ ಹಿಡಿಸುತ್ತದೆ.

ಇನ್ನು ಚಾಕುವಾಗಿ ಅದು ಹೇಗಿದೆ? ಹೇಳುವಂಥದ್ದೇನಿಲ್ಲ. ಪೆಟ್ಟಿಗೆಯಿಂದ ತೆಗೆದಾಗ ಟೊಮೆಟೊ ಸಿಪ್ಪೆಯ ಮೇಲೆ ಜಾರಿತು. ಉಬ್ಬು ಕೆಲಸ ಬೆರಳಿಗೆ ಒತ್ತುತ್ತದೆ, ಹತ್ತು ನಿಮಿಷ ಹಿಡಿದು ಕೆಲಸ ಮಾಡಲಾಗುವುದಿಲ್ಲ. ಆರ್ವಿಲ್ ಸರಿಯಾಗಿ ನನ್ನ ತೋರುಬೆರಳಿನ ಕೆಳಗೆ ಬರುತ್ತಾನೆ.

ಇಂಥ ವಸ್ತುಗಳನ್ನೆಲ್ಲ ಒಟ್ಟಿಗೇ ತಳ್ಳಿಹಾಕುವುದು ನನ್ನ ಉದ್ದೇಶವಲ್ಲ. 1927ರಲ್ಲಿ ಲಿಂಡ್‌ಬರ್ಗ್ ಒಬ್ಬನೇ ಅಟ್ಲಾಂಟಿಕ್ ದಾಟಿದ ಮೇಲೆ ಅವನ ಮುಖ, ಅವನ ವಿಮಾನ ಇರುವ ಜೇಬುಚಾಕುಗಳನ್ನು ಇಲ್ಲಿನ ಹುಡುಗರು ಇಟ್ಟುಕೊಳ್ಳುತ್ತಿದ್ದರು. ಹಳೆಯ ಸಾಮಾನಿನ ಸಂತೆಗಳಲ್ಲಿ ಈಗಲೂ ಕಣ್ಣಿಗೆ ಬೀಳುತ್ತವೆ. ಅಗ್ಗದ ಚಾಕುಗಳು, ಆದರೆ ಅಲಗು ಸಾಣೆಗೆ ಸವೆದು ಸಣ್ಣಗಾಗಿರುತ್ತದೆ, ಮುಖ ಅಳಿಸಿರುತ್ತದೆ. ಯಾವನೋ ಹುಡುಗ ಅದರಲ್ಲಿ ಬೆತ್ತ ಕೆತ್ತಿದ್ದಾನೆ, ದಾರ ಕತ್ತರಿಸಿದ್ದಾನೆ. ನನ್ನದು ಹಾಗಲ್ಲ. ಮಖಮಲ್ಲಿನ ಮೇಲೆ ಇಡಲೆಂದೇ ಮಾಡಿದ್ದು. ಉಪಯೋಗಿಸಿದರೆ ಬೆಲೆ ಹೋಗುತ್ತದೆ ಎಂದು ಅದರ ಜೊತೆಗಿದ್ದ ಕಾಗದವೇ ಎಚ್ಚರಿಸುತ್ತದೆ.

ಹೀಗೆ ದೂರುವವನಿಗೆ ಒಂದು ಪ್ರಶ್ನೆ ಎದುರಾಗಬೇಕು. ರೈಟ್ ಸೋದರರಿಗೆ ಚಾಕುವಿನ ಮೂಲಕ ಗೌರವ ಸಲ್ಲಿಸುವುದು ಸಾಧ್ಯವೇ? ಸಾಧ್ಯ ಎಂದೇ ನನ್ನ ನಂಬಿಕೆ, ಯಾಕೆಂದರೆ ವಿಮಾನ ಹುಟ್ಟಿದ್ದು ಅಕ್ಷರಶಃ ಅಲಗಿನಿಂದ.

ಪ್ರೊಪೆಲ್ಲರಿನ ಕಥೆ ನೋಡಿ. ಹಡಗಿನ ಪ್ರೊಪೆಲ್ಲರಿನ ಲೆಕ್ಕ ಸಿಕ್ಕರೆ ಅದನ್ನೇ ಗಾಳಿಗೆ ಹೊಂದಿಸಿಕೊಳ್ಳಬಹುದೆಂದು ಸೋದರರು ಎಣಿಸಿದ್ದರು. ಹುಡುಕಿದರೆ ಅಂಥ ಲೆಕ್ಕವೇ ಇರಲಿಲ್ಲ, ಹಡಗು ಕಟ್ಟುವವರು ಮಾಡಿ ನೋಡಿ ತಿದ್ದಿಕೊಳ್ಳುತ್ತಿದ್ದರು. ಇವರು ತಿಂಗಳುಗಟ್ಟಲೆ ವಾದಿಸಿದರು. ಒಬ್ಬರ ಪಕ್ಷ ಇನ್ನೊಬ್ಬರು ಹಿಡಿದು, ಮತ್ತೆ ಬದಲಾಯಿಸಿಕೊಂಡು, ಕೊನೆಗೆ ಪ್ರೊಪೆಲ್ಲರ್ ಅಂದರೆ ಸುತ್ತುತ್ತಾ ಮುಂದೆ ಹೋಗುವ ರೆಕ್ಕೆ ಎಂದು ಕಂಡುಕೊಂಡರು. ಇಷ್ಟು ಕಾಗದದ ಮೇಲೆ. ಆಮೇಲೆ ಸ್ಪ್ರೂಸ್ ಮರದ ಮೂರು ಹಲಗೆಗಳನ್ನು ಅಂಟಿಸಿ, ಕೈಗೊಡಲಿಯಲ್ಲಿ ಒರಟಾಗಿ ಕಡಿದು, ಡ್ರಾನೈಫ್‌ನಲ್ಲಿ ಕೆತ್ತಿದರು. ಡ್ರಾನೈಫ್ ಅಂದರೆ ಎರಡು ತುದಿಗೂ ಹಿಡಿ ಇರುವ, ಎರಡೂ ಕೈಯಿಂದ ತನ್ನೆಡೆಗೆ ಎಳೆದುಕೊಳ್ಳುವ ಉದ್ದ ಅಲಗು. ಎಂಟೂವರೆ ಅಡಿ ಉದ್ದದ ಆ ಪ್ರೊಪೆಲ್ಲರುಗಳು ಎಂಜಿನ್ನಿನ ಶಕ್ತಿಯಲ್ಲಿ 75 ಪ್ರತಿಶತಕ್ಕೂ ಹೆಚ್ಚನ್ನು ನೂಕುಬಲವಾಗಿ ಬದಲಾಯಿಸುತ್ತಿದ್ದವು ಎಂದು ಈಗಿನ ಪರೀಕ್ಷೆಗಳು ಹೇಳುತ್ತವೆ. ಎಂಜಿನ್ನಿನ ಶಕ್ತಿ ಬರೀ 12 ಅಶ್ವಶಕ್ತಿ. ಪ್ರೊಪೆಲ್ಲರ್ ಸ್ವಲ್ಪ ದಡ್ಡದಾಗಿದ್ದರೂ ವಿಮಾನ ಏಳುತ್ತಿರಲಿಲ್ಲ.

ಆ ಡ್ರಾನೈಫಿನ ಬಾಗು, ಎಳೆಯುವ ಕೈಗೆ ಒಗ್ಗುವ ಅದರ ಹಿಡಿ, ಮರದ ಎಳೆಯ ಜೊತೆ ಹೋಗುವ ಅದರ ಸಾಣೆಯ ಕೋನ, ಇವುಗಳಲ್ಲಿ ಒಂದನ್ನಾದರೂ ಚಿಕ್ಕ ಚಾಕುವಿಗೆ ತಂದಿದ್ದರೆ ಚಿತ್ರವೇ ಬೇಕಿರಲಿಲ್ಲ. ಅಥವಾ ಎರಡು ಮಗ್ಗುಲಿಗೂ ಸ್ಪ್ರೂಸ್ ಮರ ಕೂರಿಸಿ ಸುಮ್ಮನಿರಬಹುದಿತ್ತು. 1969ರಲ್ಲಿ ನೀಲ್ ಆರ್ಮ್‌ಸ್ಟ್ರಾಂಗ್ (ಆತನೂ ಓಹಾಯೋದವನು) ಚಂದ್ರನಿಗೆ ಹೋಗುವಾಗ ರೈಟ್ ಸೋದರರ ಚಿತ್ರ ಒಯ್ಯಲಿಲ್ಲ, 1903ರ ವಿಮಾನದ ಪ್ರೊಪೆಲ್ಲರಿನ ಒಂದು ಚೂರು ಮರ, ರೆಕ್ಕೆಯ ಒಂದು ತುಂಡು ಬಟ್ಟೆ ಒಯ್ದ. 2021ರಲ್ಲಿ ಮಂಗಳ ಗ್ರಹದಲ್ಲಿ ಹಾರಿದ ಇಂಜೆನ್ಯುಯಿಟಿ ಹೆಲಿಕಾಪ್ಟರಿನಲ್ಲೂ ಆ ಬಟ್ಟೆಯ ಅಂಚೆಚೀಟಿಯಷ್ಟು ಚೂರಿತ್ತು. ಹಿಂದುಮುಂದಾಗುವ ಭಯವಿಲ್ಲದ ಗೌರವ.

ಇದೇ ಕಾಲದ ಇನ್ನೊಂದು ವಸ್ತುವನ್ನು ಪಕ್ಕಕ್ಕಿಟ್ಟು ನೋಡಬಹುದು. ಬ್ರೆಜಿಲ್ಲಿನ ಸಾಂತೋಸ್ ದ್ಯುಮೊಂ ಪ್ಯಾರಿಸ್ಸಿನಲ್ಲಿ ಹಾರುನೌಕೆ ನಡೆಸುವಾಗ ಎರಡು ಕೈಯೂ ಹಿಡಿಕೆಗಳ ಮೇಲಿರುತ್ತಿದ್ದವು, ಜೇಬಿನಿಂದ ಗಡಿಯಾರ ತೆಗೆದು ನೋಡಲಾಗುತ್ತಿರಲಿಲ್ಲ. ಅದಕ್ಕೆ 1904ರಲ್ಲಿ ಗೆಳೆಯ ಲೂಯಿ ಕಾರ್ತಿಯೇ ಮಣಿಕಟ್ಟಿಗೆ ಕಟ್ಟುವ ಚೌಕನೆಯ ಗಡಿಯಾರ ಮಾಡಿಕೊಟ್ಟ. ಅದರ ಮೇಲೆ ಹಾರುನೌಕೆಯ ಚಿತ್ರ ಇಲ್ಲ. ಈಗ ಅದನ್ನು ಶ್ರೀಮಂತರು ಕಟ್ಟಿಕೊಂಡು ಮೀಟಿಂಗಿಗೆ ಹೋಗುತ್ತಾರೆ, ಅದು ಬೇರೆ ಮಾತು. ಚಾಕುವೇ ಬೇಕೆಂದರೆ ಅಮೆರಿಕದ ಮೊದಲ ಗಗನಯಾತ್ರಿಗಳಿಗಾಗಿ ಫ್ಲಾರಿಡಾದ ಬೋ ರಾಂಡಲ್ ಮಾಡಿದ ಚಾಕು ಇದೆ. ವಿನ್ಯಾಸದಲ್ಲಿ ಗಗನಯಾತ್ರಿ ಗಾರ್ಡನ್ ಕೂಪರ್ ಜೊತೆಗೂಡಿದ್ದ. ಅಲಗು, ಹಿಡಿಯೊಳಗಿನ ಉಕ್ಕು ಒಂದೇ ತುಂಡು, ಎಲ್ಲೋ ಕಾಡಿನಲ್ಲಿ ಇಳಿಯಬೇಕಾಗಿ ಬಂದರೆ ಬೇಕಾಗುತ್ತದೆಂದು. 1961ರಲ್ಲಿ ಗಸ್ ಗ್ರಿಸಮ್‌ನ ಕ್ಯಾಪ್ಸೂಲು ಅಟ್ಲಾಂಟಿಕ್ಕಿನಲ್ಲಿ ಮುಳುಗಿತು. 1999ರಲ್ಲಿ ಸುಮಾರು 15,000 ಅಡಿ ಆಳದಿಂದ ಮೇಲೆತ್ತಿದಾಗ ಅವನ ಚಾಕು ಒಳಗೇ ಇತ್ತು. ಆ ಚಾಕು ಯಾರನ್ನೂ ಗೌರವಿಸಲು ಮಾಡಿದ್ದಲ್ಲ. ಆದರೂ ನನ್ನ ಮೇಜಿನ ಮೇಲಿರುವುದಕ್ಕಿಂತ ಹೆಚ್ಚಿನ ಗೌರವ ಅದರಲ್ಲಿದೆ.

ನನ್ನ ಸಹೋದ್ಯೋಗಿಯೊಬ್ಬರಿಗೆ ಇದನ್ನೆಲ್ಲ ಹೇಳಿದೆ. ಅವರು ಡೇಟನ್ನಿನಲ್ಲೇ ಹುಟ್ಟಿದವರು, ಅದೇ ಚಾಕು ಅವರಲ್ಲೂ ಇದೆ. ಅವರ ಉತ್ತರ: ನಿನಗೆ ಎಲ್ಲವೂ ಕೆಲಸ ಮಾಡಬೇಕು, ನನ್ನ ಅಜ್ಜಿಯ ಮದುವೆಯ ತಟ್ಟೆಯಲ್ಲಿ ನಾವು ಯಾರೂ ಊಟ ಮಾಡಲ್ಲ, ಹಾಗಂತ ಅದು ಸುಳ್ಳಾ? ಒಳ್ಳೆಯ ಪ್ರಶ್ನೆ. ಇಡಲೆಂದೇ ಇಟ್ಟ ವಸ್ತುಗಳು ನಮ್ಮ ಮನೆಗಳಲ್ಲೂ ಇವೆ, ದಸರಾ ಗೊಂಬೆಗಳನ್ನು ಯಾರೂ ಆಡಲು ಕೊಡುವುದಿಲ್ಲ. ಆದರೆ ಅಜ್ಜಿಯ ತಟ್ಟೆಯಲ್ಲಿ ಒಮ್ಮೆಯಾದರೂ ಯಾರೋ ಉಂಡಿರುತ್ತಾರೆ. ನಾನು ಇದನ್ನು ಅವರಿಗೆ ಹೇಳಲಿಲ್ಲ, ಆಗ ಹೊಳೆಯಲಿಲ್ಲ.

ನನಗೆ ಎಲ್ಲವೂ ಕೆಲಸ ಮಾಡಬೇಕು ಅಂದದ್ದು ನಿಜ. ಅದು ನಾನು ಬೆಳೆದ ಮನೆಯ ರೋಗ. ನಮ್ಮ ತಂದೆ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಫಿಟ್ಟರ್ ಆಗಿದ್ದರು. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಜೊತೆಗೂಡಿ ಶುರುಮಾಡಿದ ಕಾರ್ಖಾನೆ ಅದು. ಅಪ್ಪ ಸೇರಿದ್ದು ಅರವತ್ತರ ದಶಕದಲ್ಲಿ, ಮಾರುತ್ ವಿಮಾನದ ಕಾಲ. ಘಾಟ್ಗೆಯವರು, ಜರ್ಮನಿಯಿಂದ ಬಂದಿದ್ದ ಕುರ್ಟ್ ಟ್ಯಾಂಕ್ ಇವರ ಹೆಸರುಗಳನ್ನು ನಮ್ಮ ಮನೆಯಲ್ಲಿ ಮೈಸೂರು ಮಹಾರಾಜರ ಹೆಸರಿನಷ್ಟೇ ಸಲೀಸಾಗಿ ಕೇಳಿದ್ದೇನೆ. ಅಪ್ಪನ ಬಳಿ ಒಂದು ಚಾಕು ಇತ್ತು. ಮುರಿದ ಪವರ್ ಹ್ಯಾಕ್ಸಾ ಬ್ಲೇಡನ್ನು ಸಾಣೆ ಹಿಡಿದು ಅವರೇ ಮಾಡಿಕೊಂಡದ್ದು. ಹಿಡಿಗೆ ಬೀಟೆ ಮರದ ಎರಡು ಚೂರು, ಮೂರು ಹಿತ್ತಾಳೆ ರಿವೆಟ್ಟು. ನಮ್ಮ ಪೆನ್ಸಿಲು ಚೂಪು ಮಾಡಿದ್ದು, ಹಲಸಿನ ಹಣ್ಣು ಬಿಡಿಸಿದ್ದು, ಚಪ್ಪಲಿಯ ಅಟ್ಟೆ ಕೊಯ್ದದ್ದು, ಎಲ್ಲವೂ ಅದರಲ್ಲೇ. ಆಯುಧಪೂಜೆಯ ದಿನ ಅರ, ಸುತ್ತಿಗೆ, ಕ್ಯಾಲಿಪರುಗಳ ಪಕ್ಕ ಅದಕ್ಕೂ ಕುಂಕುಮ, ಆ ಒಂದು ದಿನ ಅದಕ್ಕೆ ರಜೆ. ಮಿಕ್ಕ 364 ದಿನ ದುಡಿಯುವುದಕ್ಕೆ ಆ ಒಂದು ದಿನದ ಪೂಜೆ.

ಅಪ್ಪ 2004ರ ಬೇಸಿಗೆಯಲ್ಲಿ ಡೇಟನ್ನಿಗೆ ಬಂದಿದ್ದರು. ಕ್ಯಾರಿಲಾನ್ ಪಾರ್ಕಿಗೆ ಕರೆದುಕೊಂಡು ಹೋದೆ, 1905ರ ವಿಮಾನ ಅಲ್ಲಿದೆ. ಅದನ್ನು ತಗ್ಗಿನಲ್ಲಿ ಇಟ್ಟಿದ್ದಾರೆ, ನಾವು ಸುತ್ತ ನಿಂತು ಮೇಲಿನಿಂದ ನೋಡಬೇಕು. ಅಪ್ಪ ರೆಕ್ಕೆಯ ಕಡೆ ನೋಡಲೇ ಇಲ್ಲ. ಎಂಜಿನ್ನಿನಿಂದ ಪ್ರೊಪೆಲ್ಲರುಗಳಿಗೆ ಹೋಗುವ ಚೈನುಗಳನ್ನು ನೋಡುತ್ತಾ ನಿಂತರು. ಒಂದು ಚೈನು ನೇರ, ಇನ್ನೊಂದು ಅಡ್ಡ ತಿರುಚಿ ಎಂಟರ ಆಕಾರದಲ್ಲಿ. ಎರಡು ಪ್ರೊಪೆಲ್ಲರು ಎದುರುಬದುರು ತಿರುಗಲಿ ಎಂದು ಮಾಡಿದ ಉಪಾಯ. "ಸೈಕಲ್ ಶಾಪಿನ ಬುದ್ಧಿ ಕಣಪ್ಪ ಇದು" ಅಂದರು, ಬಹಳ ಮೆಚ್ಚುಗೆಯಿಂದ.

ಅಲ್ಲೇ ಅವರಿಗೆ ಚಾರ್ಲಿ ಟೇಲರನ ಕಥೆ ಹೇಳಿದೆ. ರೈಟ್ ಸೋದರರ ಸೈಕಲ್ ಅಂಗಡಿಯ ಮೆಕ್ಯಾನಿಕ್. ಮೊದಲ ವಿಮಾನದ ಎಂಜಿನ್ ಮಾಡಿದ್ದು ಆತ, ಆರು ವಾರದಲ್ಲಿ. ಸರಿಯಾದ ನಕ್ಷೆ ಇಲ್ಲ, ಚೀಟಿಯ ಮೇಲೆ ಗೀಚಿದ ಚಿತ್ರ. ಕ್ರ್ಯಾಂಕ್‌ಶಾಫ್ಟಿಗೆ ಸುಮಾರು 100 ಪೌಂಡಿನ ಒಂದು ಉಕ್ಕಿನ ಹಲಗೆ ತೆಗೆದುಕೊಂಡು, ಅದರ ಮೇಲೆ ಆಕಾರ ಗೀಚಿ, ಗೆರೆಯ ಉದ್ದಕ್ಕೂ ಡ್ರಿಲ್ಲಿನಲ್ಲಿ ತೂತು ಕೊರೆದು, ಉಳಿ ಸುತ್ತಿಗೆಯಿಂದ ಬೇಡದ್ದನ್ನು ಹೊಡೆದು ತೆಗೆದು, ಆಮೇಲೆ ಲೇತಿಗೆ ಕಟ್ಟಿದ. ಮುಗಿದಾಗ ತೂಕ ಸುಮಾರು 19 ಪೌಂಡು. ಅಪ್ಪ ಇದನ್ನು ಎರಡು ಸಲ ಕೇಳಿಸಿಕೊಂಡರು. ತೂತುಗಳ ನಡುವೆ ಎಷ್ಟು ಬಿಟ್ಟಿದ್ದ ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಟೇಲರ್ 1956ರಲ್ಲಿ ತೀರಿಕೊಂಡಾಗ ಕೈಯಲ್ಲಿ ಕಾಸಿರಲಿಲ್ಲ, ಆರ್ವಿಲ್ ತನ್ನ ಉಯಿಲಿನಲ್ಲಿ ಬರೆದಿಟ್ಟಿದ್ದ ವರ್ಷಕ್ಕೆ 800 ಡಾಲರು ಬಿಟ್ಟರೆ. ಈಗ ಐವತ್ತು ವರ್ಷ ಸೇವೆ ಮಾಡಿದ ಮೆಕ್ಯಾನಿಕ್‌ಗಳಿಗೆ ಅಮೆರಿಕ ಸರ್ಕಾರ ಅವನ ಹೆಸರಿನ ಪ್ರಶಸ್ತಿ ಕೊಡುತ್ತದೆ. ನನ್ನ ಚಾಕುವಿನ ಮೇಲೆ ಅವನ ಹೆಸರಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

ಅವತ್ತು ರಾತ್ರಿ ಮನೆಗೆ ಬಂದು ಅಪ್ಪನಿಗೆ ಈ ಚಾಕು ತೋರಿಸಿದೆ, ಸ್ವಲ್ಪ ಜಂಬದಿಂದಲೇ. ಕಂಪನಿ ಕೊಟ್ಟದ್ದು, ನಿಮ್ಮ ಮಗನೂ ವಿಮಾನದ ಊರಿನವನಾದ ಎಂಬ ಧಾಟಿಯಲ್ಲಿ. ಅವರು ಮೊದಲು ಹೆಬ್ಬೆರಳನ್ನು ಅಲಗಿನ ಅಡ್ಡಕ್ಕೆ ಆಡಿಸಿದರು, ಏನೂ ಹೇಳಲಿಲ್ಲ. ಹಿಡಿ ತಿರುಗಿಸಿ ಕನ್ನಡಕ ಏರಿಸಿ ನೋಡಿದರು.

"ಇದು ಯಾವ ಕಡೆಗೆ ಹೋಗ್ತಿದೆ?" ಅಂದರು.

"ಮುಂದಕ್ಕೇ ಅಪ್ಪ" ಅಂದೆ, ಟಿವಿ ನೋಡುತ್ತಾ.

ಅವರು "ಹೂಂ" ಅಂದು ಮಡಚಿ ಪೆಟ್ಟಿಗೆಯಲ್ಲಿಟ್ಟರು. ಮೇಜಿನ ಮೇಲೆ ಇಟ್ಟರು, ನನ್ನ ಕೈಗೆ ಕೊಡಲಿಲ್ಲ. 2012ರಲ್ಲಿ ಹೋಗಿಬಿಟ್ಟರು. ನಂಬರ್ ಪ್ಲೇಟಿನ ಸುದ್ದಿ ಬಂದಾಗ ಹದಿನೇಳು ವರ್ಷದ ಹಿಂದಿನ ಆ "ಹೂಂ" ನನಗೆ ಕೇಳಿಸಿತು.

ಪರದೇಶದವರ ಅಸಡ್ಡೆಯನ್ನು ಆಡಿಕೊಳ್ಳಲು ಇದನ್ನು ಬರೆಯುತ್ತಿಲ್ಲ. ನಾವೂ ಕಮ್ಮಿಯಿಲ್ಲ. ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು ಹೇಳಿ ಬರೆಸಿದ ವೈಮಾನಿಕ ಶಾಸ್ತ್ರದ ವಿಮಾನಗಳ ಚಿತ್ರಗಳನ್ನು ಇಲ್ಲಿನ ನಮ್ಮವರ ಕೂಟಗಳಲ್ಲಿ ಈಗಲೂ ಯಾರಾದರೊಬ್ಬರು ಹೆಮ್ಮೆಯಿಂದ ತೋರಿಸುತ್ತಾರೆ. 1974ರಲ್ಲೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ಅದನ್ನು ಕೂತು ಓದಿ, ಲೆಕ್ಕ ಹಾಕಿ, ಆ ಯಂತ್ರಗಳು ಹಾರಲಾರವು, ಪಠ್ಯ 1904ಕ್ಕಿಂತ ಹಿಂದಿನದಲ್ಲ ಎಂದು ಬರೆದರು. ಅವರು ಮಾಡಿದ್ದೂ ಅಪ್ಪ ಕೇಳಿದ ಪ್ರಶ್ನೆಯನ್ನೇ ಕೇಳುವ ಕೆಲಸ. ಅದೇ ಊರಿನಲ್ಲಿ 1951ರಲ್ಲಿ ನಿಜವಾಗಿಯೂ ಹಾರಿದ ಎಚ್‌ಟಿ-2 ತರಬೇತಿ ವಿಮಾನದ ಚಿತ್ರವನ್ನು ಕೂಟದಲ್ಲಿ ಯಾರೂ ತೋರಿಸಿದ್ದು ನಾನು ಕಂಡಿಲ್ಲ. ಘಾಟ್ಗೆಯವರ ಹೆಸರು ಹೇಳಿದರೆ ನಮ್ಮ ಹುಡುಗರಿರಲಿ, ನನ್ನ ವಯಸ್ಸಿನವರೇ ಯಾರದು ಎಂದು ಕೇಳುತ್ತಾರೆ.

ಅಪ್ಪನ ಚಾಕು ಏನಾಯಿತು ಎಂದು ತಮ್ಮನನ್ನು ಕೇಳಿದೆ. ಮನೆ ಖಾಲಿ ಮಾಡುವಾಗ ಟೂಲ್ ಪೆಟ್ಟಿಗೆ ಪೂರ್ತಿ ಗುಜರಿಯವನಿಗೆ ಹೋಯಿತಂತೆ, ತೂಕದ ಲೆಕ್ಕದಲ್ಲಿ. ನೀನು ಬೇಕು ಅಂದಿರಲಿಲ್ಲವಲ್ಲ ಅಂದ. ಅಂದಿರಲಿಲ್ಲ. ಆ ವರ್ಷ ನಾನು ಬೆಂಗಳೂರಿನಿಂದ ತಂದದ್ದು ಅಪ್ಪನಿಗೆ ಕಾರ್ಖಾನೆಯಲ್ಲಿ ಕೊಟ್ಟಿದ್ದ ಒಂದು ಶೀಲ್ಡು, ಹಿತ್ತಾಳೆಯ ತಗಡಿನ ಮೇಲೆ ವಿಮಾನ ಇರುವಂಥದ್ದು. ಅದು ಸರಿಯಾದ ದಿಕ್ಕಿಗೇ ಹಾರುತ್ತಿದೆ, ನೋಡಿದ್ದೇನೆ.

ಆ ಚಳಿಗಾಲದಲ್ಲಿ ಒಂದು ಸಾಣೆಕಲ್ಲು ತರಿಸಿದೆ. ಸ್ಮರಣಿಕೆಯ ಚಾಕುವನ್ನು ನೀರು ಹಾಕಿ ಮಸೆದೆ, ನಾಲ್ಕು ಭಾನುವಾರ ಹಿಡಿಯಿತು. ಉಕ್ಕು ನಾನು ಅಂದುಕೊಂಡಷ್ಟು ಕೆಟ್ಟದ್ದೇನಲ್ಲ, ಕೋನವನ್ನು ಮಾತ್ರ ಯಾರೂ ಸರಿಯಾಗಿ ಕೊಟ್ಟಿರಲಿಲ್ಲ. ಮಸೆಯುತ್ತಾ ಮಸೆಯುತ್ತಾ 120 ಅಡಿಯ ಕೆಳಗಿನ ಅಂಚು ಸವೆದುಹೋಯಿತು. ಹಿಡಿಯ ಮೇಲಿನ ಗಾಳಿಗೆರೆಗಳನ್ನು ಸಣ್ಣ ಅರದಿಂದ ಉಜ್ಜಿ ತೆಗೆದೆ. ಗೆರೆಗಳು ಹೋದ ಮೇಲೆ ವಿಮಾನ ಯಾವ ಕಡೆಗೂ ಹೋಗುತ್ತಿಲ್ಲ, ಸುಮ್ಮನೆ ನಿಂತಿದೆ, ಆರ್ವಿಲ್‌ನ ತಲೆ ಮಾತ್ರ ಸರಿಯಾದ ಕಡೆಗಿದೆ. ಈಗ ಅದು ಅಡುಗೆಮನೆಯ ಖಾನೆಯಲ್ಲಿರುತ್ತದೆ. ಸೇಬು, ಮಾವು, ಪಾರ್ಸೆಲ್ಲಿನ ಟೇಪು ಎಲ್ಲಕ್ಕೂ ಬರುತ್ತದೆ. ಈರುಳ್ಳಿಗೆ ಮಾತ್ರ ಬೇಡ, ಮಡಚುವ ಕೀಲಿನಲ್ಲಿ ಸಿಪ್ಪೆ ಸಿಕ್ಕಿಕೊಂಡು ವಾಸನೆ ಬರುತ್ತದೆ ಎಂದು ನನ್ನ ಹೆಂಡತಿಯ ದೂರು.